ಆಯಿಲ್ ಸೋರುವ ಹಳೇ ಟ್ರ್ಯಾಕ್ಟರ್: ಪಾನಾ ಹಿಡಿಯುವ ಮೊದಲು ಬ್ರಷ್ ಹಿಡಿಯಿರಿ

ನಮ್ಮ ಸೇಡಂ ಸೀಮೆಯಲ್ಲಿ ಒಂದು ಮಾತು ಎಲ್ಲರ ಬಾಯಲ್ಲೂ ಇದೆ. "ಹಳೇ ಟ್ರ್ಯಾಕ್ಟರ್ ಅಂದ್ರ ಆಯಿಲ್ ಸೋರೋದೇರಿ, ಏನ್ ಮಾಡ್ಲಿಕ್ಕಾಗ್ತದ?" ಇನ್ನೊಂದು ಮಾತೂ ಇದೆ. "ಸೋರ್ಲಾಕತ್ತದ ಅಂದ್ರ ಸೀಲ್ ಹೋಗ್ಯಾದ, ಬಿಚ್ಚಿಬಿಡು." ನಾನು ಮೊದಲನೇ ಮಾತು ನಂಬಿ ಎರಡು ವರ್ಷ ಸುಮ್ಮನೆ ಆಯಿಲ್ ಸುರಿದೆ. ಎರಡನೇ ಮಾತು ನಂಬಿ ಒಂದು ಮುಂಗಾರಿನ ಹೆಸರು ಬೆಳೆ ಕಳೆದುಕೊಂಡೆ. ಈ ಎರಡೂ ಮಾತು ತಪ್ಪು ಅಂತ ಹೇಳೋದಕ್ಕೇ ಈ ಲೇಖನ.

ನಡೆದದ್ದು ಹೀಗೆ. ಕುರಕುಂಟಾದ ಹತ್ತಿರ ನಮ್ಮದು ಮಳೆ ನಂಬಿದ ಕಪ್ಪು ಹೊಲ. ಟ್ರ್ಯಾಕ್ಟರ್ ಮೂರು ಸಿಲಿಂಡರಿನದು, ಸೆಕೆಂಡ್ ಹ್ಯಾಂಡ್. ಜನವರಿಯಲ್ಲಿ ತೊಗರಿ ರಾಶಿ ಮುಗಿಸಿ ಶೆಡ್ಡಿಗೆ ಹಾಕಿದ್ದು, ಮತ್ತೆ ಹೊರಗೆ ತೆಗೆದಿದ್ದು ಮೇ ಕೊನೆಗೆ. ಜೂನ್ ಮೊದಲ ಮಳೆ ಬಿತ್ತು, ಹೊಲ ಹದಕ್ಕೆ ಬಂತು, ಅವತ್ತೇ ನೋಡಿದರೆ ಕ್ಲಚ್ ಹೌಸಿಂಗಿನ ತಳದಿಂದ ಕಪ್ಪು ಆಯಿಲ್ ಹನಿ ಹನಿ. ಗ್ಯಾರೇಜಿನವರು ಕೆಳಗೆ ಬಗ್ಗಿ ನೋಡಿ, "ಕ್ರ್ಯಾಂಕಿನ ಹಿಂದಿನ ಸೀಲ್" ಅಂದರು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಮಾಡಿ ಟ್ರ್ಯಾಕ್ಟರನ್ನು ಎರಡು ಹೋಳು ಮಾಡಿದರು. ಹೇಗೂ ಬಿಚ್ಚಿದ್ದೀವಲ್ಲ ಅಂತ ಕ್ಲಚ್ ಪ್ಲೇಟೂ ಹೊಸದು. ಐದು ದಿನ ಹೋಯಿತು. ಹೆಸರು ಬಿತ್ತುವ ಹದ ಹೋಯಿತು.

ಎಂಟನೇ ದಿನ ಮತ್ತೆ ಅದೇ ಜಾಗದಲ್ಲಿ ಅದೇ ಹನಿ.

ಸಿಟ್ಟಿಗೆ ನಾನೇ ಬ್ರಷ್ಷು, ಡೀಸೆಲ್ ತಗೊಂಡು ಎಂಜಿನ್ನಿನ ಮೇಲಿಂದ ಕೆಳತನಕ ತೊಳೆದೆ. ಒಣಗಿಸಿ ಸ್ಟಾರ್ಟ್ ಮಾಡಿ ಕೂತೆ. ಹದಿನೈದು ನಿಮಿಷದಲ್ಲಿ ಗೊತ್ತಾಯಿತು. ಮೇಲಿನ ಟ್ಯಾಪೆಟ್ ಕವರಿನ ಹಿಂದಿನ ಮೂಲೆ ಒದ್ದೆ. ಅಲ್ಲಿಂದ ಎಂಜಿನ್ ಬ್ಲಾಕಿನ ಬೆನ್ನ ಮೇಲೆ ಇಳಿದು, ಹೌಸಿಂಗಿನ ಸಂದಿಗೆ ಬಂದು, ತಳದಲ್ಲಿ ಹನಿಯುತ್ತಿತ್ತು. ಅಲ್ಲೇ ಯಾಕೆ ಒಡೆದುಕೊಂಡಿತು ಅಂತ ನೋಡಿದರೆ ಬ್ರೀದರ್ ಪೈಪಿನ ಬಾಯಿಗೆ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿತ್ತು! ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಅದಕ್ಕೆ ಒಳ್ಳೆ ಮನೆ ಸಿಕ್ಕಿತ್ತು. ತಂತಿಯಿಂದ ಗೂಡು ತೆಗೆದು, ಪೈಪ್ ತೊಳೆದು, ಟ್ಯಾಪೆಟ್ ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿದೆ. ನಿಂತಿತು. ಗ್ಯಾಸ್ಕೆಟ್ಟಿಗೆ ಕೊಟ್ಟಿದ್ದು ನೂರರ ಲೆಕ್ಕ, ಸೀಲಿನ ಕೆಲಸಕ್ಕೆ ಕೊಟ್ಟಿದ್ದು ಸಾವಿರದ ಲೆಕ್ಕ. ಬಿಚ್ಚಿದ ಹಳೇ ಸೀಲ್ ಈಗಲೂ ನಮ್ಮ ಗೂಟಕ್ಕೆ ನೇತಾಡುತ್ತಿದೆ. ಅದರ ತುಟಿ ಇನ್ನೂ ಮೆತ್ತಗಿದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ರಿಪೇರಿ ಮಾಡೋದು ಮೆಕ್ಯಾನಿಕ್ಕಿನ ಕೆಲಸ ಇರಬಹುದು, ಆದರೆ ಎಲ್ಲಿಂದ ಸೋರುತ್ತಿದೆ ಅಂತ ಹುಡುಕೋದು ಮಾಲೀಕನ ಕೆಲಸ. ಮೆಕ್ಯಾನಿಕ್ಕನ್ನು ನಾನು ಬೈಯುವುದಿಲ್ಲ. ಜೂನ್ ತಿಂಗಳಲ್ಲಿ ಅವನ ಮುಂದೆ ಹತ್ತು ಗಾಡಿ ನಿಂತಿರುತ್ತವೆ. ನಾವು ಮಣ್ಣು, ಹೊಟ್ಟು, ಆಯಿಲ್ ಮೆತ್ತಿದ ಟ್ರ್ಯಾಕ್ಟರ್ ತಂದು ನಿಲ್ಲಿಸಿ "ಲಗೂ ಮಾಡ್ರಿ" ಅಂತೀವಿ. ಅವನು ಅಂದಾಜಿನ ಮೇಲೆ ಬಿಚ್ಚುತ್ತಾನೆ. ಅಂದಾಜಿನ ದುಡ್ಡು ನಮ್ಮ ಜೇಬಿನಿಂದ ಹೋಗುತ್ತದೆ.

ಒಂದು ಹನಿಯ ಲೆಕ್ಕ

"ಒಂದ್ ಹನಿ ಬಿದ್ರ ಏನಾಯ್ತು" ಅನ್ನುವವರು ಈ ಲೆಕ್ಕ ನೋಡಿ. ಸುಮಾರು 20–25 ಹನಿ ಸೇರಿದರೆ ಒಂದು ಮಿಲಿಲೀಟರ್. ಎಂಜಿನ್ ಓಡುವಾಗ 5 ಸೆಕೆಂಡಿಗೆ ಒಂದು ಹನಿ ಬಿದ್ದರೆ ಗಂಟೆಗೆ 720 ಹನಿ. ದಿನಕ್ಕೆ 8 ಗಂಟೆ ಓಡಿಸಿದರೆ 5,760 ಹನಿ, ಅಂದರೆ ಕಾಲು ಲೀಟರಿನ ಆಸುಪಾಸು. ಹತ್ತು ದಿನದ ಬಿತ್ತನೆಗೆ ಎರಡೂವರೆ ಲೀಟರ್! ಡಿಪ್‌ಸ್ಟಿಕ್ ನೋಡದೆ ಓಡಿಸಿದರೆ ಬೇರಿಂಗಿಗೆ ಆಯಿಲ್ ಸಿಗದೆ ಎಂಜಿನ್ನೇ ಹಿಡಿದುಕೊಳ್ಳಬಹುದು. ಅಂದರೆ ನೂರರ ಕೆಲಸ ಲಕ್ಷಕ್ಕೆ ಹೋಗುತ್ತದೆ.

ಮೊದಲು ತೊಳೆಯಿರಿ, ಆಮೇಲೆ ನೋಡಿ

ತೊಳೆಯೋದಕ್ಕೂ ಕ್ರಮ ಇದೆ. ಎಂಜಿನ್ ತಣ್ಣಗಿರಬೇಕು. ಆಲ್ಟರ್ನೇಟರ್, ಸ್ಟಾರ್ಟರ್ ಮೋಟಾರ್, ಏರ್ ಕ್ಲೀನರಿನ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ ಬ್ರಷ್ಷಿನಿಂದ ಉಜ್ಜಿ, ಆಮೇಲೆ ಸೋಪಿನ ನೀರು. ವಾಟರ್ ಸರ್ವಿಸಿಂಗಿನ ಪ್ರೆಷರ್ ಗನ್ ಸೀಲುಗಳ ಮೇಲೆ, ಬ್ರೀದರಿನ ಮೇಲೆ ನೇರ ಹಿಡಿಯಬೇಡಿ, ನೀರೂ ದೂಳೂ ಒಳಗೆ ನುಗ್ಗುತ್ತವೆ. ಹತ್ತಿರ ಬೀಡಿ, ಬೆಂಕಿ ಬೇಡ. ಪೂರ್ತಿ ಒಣಗಿದ ಮೇಲೆ ಕವರ್ ತೆಗೆದು ಸ್ಟಾರ್ಟ್ ಮಾಡಿ, 15–20 ನಿಮಿಷ ಬಿಸಿಯಾಗಲಿ. ಐದೈದು ನಿಮಿಷಕ್ಕೆ ಮೊಬೈಲ್ ಟಾರ್ಚ್ ಹಿಡಿದು ನೋಡಿ. ಫ್ಯಾನು, ಬೆಲ್ಟು, ಪಿಟಿಒ ಹತ್ತಿರ ಕೈ, ಲುಂಗಿ, ಟವೆಲ್ ಹೋಗದಂತೆ ನೋಡಿಕೊಳ್ಳಿ.

ನೆನಪಿಡಬೇಕಾದ ಸೂತ್ರ ಒಂದೇ. ಆಯಿಲ್ ಕೆಳಗೆ ಇಳಿಯುತ್ತದೆ, ಫ್ಯಾನಿನ ಗಾಳಿಗೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಹನಿ ಬೀಳುವ ಜಾಗ ಸೋರುವ ಜಾಗ ಅಲ್ಲ. ಒದ್ದೆಯ ಗುರುತು ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಿ. ಎಲ್ಲಕ್ಕಿಂತ ಮೇಲೆ ಒದ್ದೆ ಇರೋದೇ ಮೂಲ.

ಸಣ್ಣ ಸೋರಿಕೆ ಕಣ್ಣಿಗೆ ಕಾಣದಿದ್ದರೆ, ಒಣಗಿದ ಎಂಜಿನ್ನಿನ ಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿ. ಸೋರುವ ಕಡೆ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಪೌಡರ್ ಇಲ್ಲ ಅಂತ ರಂಗೋಲಿ ಪುಡಿ ಹಾಕಬೇಡಿ, ಅದು ಕಲ್ಲಿನ ಪುಡಿ. ಸೀಲಿನ ತುಟಿಗೆ ಅದು ಉಪ್ಪಿನ ಕಾಗದ ಇದ್ದಂಗೆ.

ರಾತ್ರಿ ಗಾಡಿ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಗಾಲಿ ನಿಂತ ಜಾಗ ಪೆನ್ನಿನಿಂದ ಗುರುತು ಮಾಡಿ. ಬೆಳಿಗ್ಗೆ ರಟ್ಟಿನ ಫೋಟೋ ತೆಗೆಯಿರಿ. ಎಲ್ಲಿ ಬಿದ್ದಿದೆ, ಎಷ್ಟು ಬಿದ್ದಿದೆ, ಯಾವ ಬಣ್ಣ ಅಂತ ದಾಖಲೆ ಸಿಗುತ್ತದೆ. ವಾರ ಬಿಟ್ಟು ಮತ್ತೊಂದು ಫೋಟೋ ತೆಗೆದು ಹೋಲಿಸಿ. ಮೆಕ್ಯಾನಿಕ್ ಹತ್ರ ಹೋಗುವಾಗ "ಎಲ್ಲೋ ಸೋರ್ತದ" ಅನ್ನುವ ಬದಲು ಈ ಫೋಟೋ, ವಿಡಿಯೋ ತೋರಿಸಿ.

ಬಣ್ಣ ನೋಡಿ, ವಾಸನೆ ನೋಡಿ

ಕಪ್ಪು ಇದ್ದರೆ ಎಂಜಿನ್ ಆಯಿಲ್. ಜೇನಿನ ಬಣ್ಣ, ದಪ್ಪ ಇದ್ದರೆ ಗೇರ್ ಅಥವಾ ಹೈಡ್ರಾಲಿಕ್ ಆಯಿಲ್. ತೆಳು, ಘಾಟು ವಾಸನೆ ಇದ್ದರೆ ಡೀಸೆಲ್. ಹಸಿರು ಅಥವಾ ತುಕ್ಕಿನ ಬಣ್ಣದ ನೀರಾದರೆ ರೇಡಿಯೇಟರಿನದು.

ಈ ಬಣ್ಣ ಎಷ್ಟು ದುಡ್ಡು ಉಳಿಸುತ್ತದೆ ಗೊತ್ತೇ? ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಬಹಳ ಗಾಡಿಗಳಲ್ಲಿ ಅದರೊಳಗೆ ಸ್ಪ್ಲಿಟ್ ಪಿನ್ ನೇತಾಡುತ್ತಿರುತ್ತದೆ. ಆ ತೂತಿನಿಂದ ಕಪ್ಪು ಆಯಿಲ್ ಬಂದರೆ ಅನುಮಾನ ಕ್ರ್ಯಾಂಕಿನ ಹಿಂದಿನ ಸೀಲಿನ ಮೇಲೆ. ಜೇನಿನ ಬಣ್ಣದ್ದು ಬಂದರೆ ಗೇರ್‌ಬಾಕ್ಸಿನ ಮುಂದಿನ ಶಾಫ್ಟ್ ಸೀಲಿನ ಮೇಲೆ. ತೂತು ಒಂದೇ, ಕಾಯಿಲೆ ಬೇರೆ. ತೂತಿನ ಒಳಗಿಂದ ಬರುತ್ತಿದೆಯೋ, ಹೊರಗಿನ ಗೋಡೆ ಮೇಲೆ ಇಳಿದು ಬರುತ್ತಿದೆಯೋ ಅನ್ನೋದೂ ಮುಖ್ಯ. ನಾನು ಸೋತಿದ್ದು ಅಲ್ಲೇ. ಟ್ಯಾಪೆಟ್ ಕವರಿನ ಹಿಂಬದಿ, ಆಯಿಲ್ ಪ್ರೆಷರಿನ ಸ್ವಿಚ್ಚು, ಅದರ ಪೈಪು, ಫಿಲ್ಟರಿನ ಬುಡ — ಇಷ್ಟೂ ಒಣಗಿವೆ ಅಂತ ಖಾತ್ರಿ ಆಗುವತನಕ ಟ್ರ್ಯಾಕ್ಟರನ್ನು ಹೋಳು ಮಾಡಲು ಒಪ್ಪಬೇಡಿ.

ಡಿಪ್‌ಸ್ಟಿಕ್ಕನ್ನೂ ಓದಲು ಕಲಿಯಿರಿ. ಆಯಿಲ್ ಕಡಿಮೆ ಆಗೋದು ಎಲ್ಲರಿಗೂ ಗೊತ್ತು, ಜಾಸ್ತಿ ಆಗೋದು ಅದಕ್ಕಿಂತ ಅಪಾಯ. ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಫೀಡ್ ಪಂಪಿನ ಡಯಾಫ್ರಮ್ ಹರಿದೋ, ಡೀಸೆಲ್ ಪಂಪಿನ ಸೀಲ್ ಹೋಗಿಯೋ ಡೀಸೆಲ್ ಒಳಗೆ ಇಳಿಯುತ್ತಿದೆ ಅಂತ ಅನುಮಾನಿಸಿ. ಆಯಿಲ್ ನೀರಾಗುತ್ತದೆ, ಎಲ್ಲ ಸಂದಿಯಿಂದಲೂ ಸೋರುತ್ತದೆ, ಬೇರಿಂಗ್ ತಿನ್ನುತ್ತದೆ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ರಬ್ಬರ್ ರಿಂಗ್ ನೋಡಿಸಿ. ಎರಡರಲ್ಲಿ ಯಾವುದಾದರೂ ಅಲ್ಲಿಗೇ ಗಾಡಿ ನಿಲ್ಲಿಸಿ.

ಸೀಲಿಗೆ ಮೊದಲು ಬ್ರೀದರ್

ಎಂಜಿನ್ ಒಳಗೆ ಪಿಸ್ಟನ್ ಹೊಡೆತಕ್ಕೆ ಸ್ವಲ್ಪ ಗಾಳಿ ಕೆಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲು ಇರೋದೇ ಬ್ರೀದರ್. ಅದು ಕಟ್ಟಿದರೆ ಒಳಗೆ ಒತ್ತಡ ಏರಿ, ಎಲ್ಲಿ ದುರ್ಬಲ ಜಾಗ ಇದೆಯೋ ಅಲ್ಲಿಂದ ಆಯಿಲ್ ದೂಡುತ್ತದೆ. ನೀವು ಒಂದು ಸೀಲ್ ಬದಲಿಸಿದರೆ ಇನ್ನೊಂದರಿಂದ ಹೊರಗೆ ಬರುತ್ತದೆ. ನಮ್ಮ ಭಾಗದಲ್ಲಿ ಇದು ಜಾಸ್ತಿ ನೆನಪಿಡಬೇಕಾದ ವಿಷಯ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂ ಎಲ್ಲ ಸುಣ್ಣಕಲ್ಲಿನ ಸೀಮೆ. ಫರ್ಸಿ ಖಣಿಯ ದಾರಿಯಲ್ಲಿ ಟ್ರಾಲಿ ಓಡಿಸುವ ಟ್ರ್ಯಾಕ್ಟರಿಗೆ ಕಲ್ಲಿನ ದೂಳೇ ಊಟ. ಆ ದೂಳು ಆಯಿಲ್ ಜೊತೆ ಸೇರಿ ಬ್ರೀದರಿನಲ್ಲಿ ಗಾರೆಯಂಗೆ ಕೂರುತ್ತದೆ.

ಬ್ರೀದರ್ ಬಿಚ್ಚಿ ಡೀಸೆಲಿನಲ್ಲಿ ತೊಳೆದು ಒಣಗಿಸಿ ಹಾಕಿ. ಆಮೇಲೆ ಎಂಜಿನ್ ನಿಧಾನದಲ್ಲಿ ಓಡುವಾಗ ಆಯಿಲ್ ಹಾಕುವ ಮುಚ್ಚಳ ಹುಷಾರಾಗಿ ಸಡಿಲ ಮಾಡಿ, ಮುಖ ದೂರ ಇರಲಿ. ಸ್ವಲ್ಪ ಉಸಿರು ಬಂದರೆ ಸಹಜ. ಮುಚ್ಚಳ ಕುಣಿಯುವಷ್ಟು ದಬದಬ ಹೊಗೆ ಬಂದರೆ ರಿಂಗು, ಲೈನರ್ ಸವೆದಿವೆ. ಅಂಥ ಎಂಜಿನ್ನಿಗೆ ಬರೀ ಸೀಲ್ ಹಾಕಿಸೋದು ದುಡ್ಡು ನೀರಿಗೆ ಹಾಕಿದಂಗೆ. ಆಯಿಲ್ ಮಟ್ಟ ಮೇಲಿನ ಗೆರೆ ದಾಟದಂತೆ ನೋಡಿಕೊಳ್ಳಿ. "ಸೋರ್ತದ, ಅರ್ಧ ಲೀಟರ್ ಜಾಸ್ತಿ ಇರ್ಲಿ" ಅಂತ ತುಂಬಿದರೆ ಇನ್ನೂ ಜಾಸ್ತಿ ಸೋರುತ್ತದೆ.

ಕೆಲಸ ಮಾಡಿಸುವಾಗ ಕಣ್ಣಿಡಬೇಕಾದ್ದು

ಟ್ಯಾಪೆಟ್ ಕವರ್, ಸಂಪ್ ಸೋರಿದರೆ ಮೊದಲು ಬೋಲ್ಟ್ ಸಡಿಲ ಇವೆಯೇ ನೋಡಿ. ಆದರೆ ಶಕ್ತಿ ತೋರಿಸಬೇಡಿ. ಕಾರ್ಕ್ ಗ್ಯಾಸ್ಕೆಟ್ ಅತಿಯಾಗಿ ಬಿಗಿದರೆ ಹಿಂಡಿ ಒಡೆಯುತ್ತದೆ, ತಗಡಿನ ಕವರಿನ ಬೋಲ್ಟ್ ತೂತುಗಳು ಗುಂಡಿ ಬೀಳುತ್ತವೆ. ಗುಂಡಿ ಬಿದ್ದಿದ್ದರೆ ಸಮ ಮಾಡಿಸಿಯೇ ಹೊಸ ಗ್ಯಾಸ್ಕೆಟ್ ಹಾಕಿಸಿ. ಸಂಪಿನ ಬೋಲ್ಟುಗಳನ್ನು ನಡುವಿನಿಂದ ಅಂಚಿಗೆ, ಎದುರು ಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಡ್ರೈನ್ ಪ್ಲಗ್ಗಿನ ತಾಮ್ರದ ವಾಷರ್ ಪ್ರತಿ ಆಯಿಲ್ ಚೇಂಜಿಗೆ ಹೊಸದಿರಲಿ. ಫಿಲ್ಟರ್ ಬದಲಿಸುವಾಗ ಹಳೇ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡಿದೆಯಾ ನೋಡಿ. ರಿಂಗಿನ ಮೇಲೆ ರಿಂಗ್ ಕೂತರೆ ಆಯಿಲ್ ಚಿಮ್ಮುತ್ತದೆ.

ಸೀಲಿನ ಮೇಲೆ ಮೂರು ಅಂಕಿ ಬರೆದಿರುತ್ತದೆ, ಉದಾಹರಣೆಗೆ 45-62-8. ಮೊದಲನೆಯದು ಶಾಫ್ಟಿನ ದಪ್ಪ, ಎರಡನೆಯದು ಸೀಲ್ ಕೂರುವ ತೂತಿನ ಅಳತೆ, ಮೂರನೆಯದು ಸೀಲಿನ ಅಗಲ, ಎಲ್ಲ ಮಿಲಿಮೀಟರಿನಲ್ಲಿ. ಫೋಟೋ ತೆಗೆದಿಟ್ಟುಕೊಳ್ಳಿ, ಅಂಗಡಿಯಲ್ಲಿ ಅಂದಾಜಿನ ಸೀಲ್ ತರಬೇಡಿ. ಗಾಲಿ ಕಡೆಯ ಸೀಲಿಗೆ ಅದೇ ಅಳತೆಯಲ್ಲಿ ದೂಳು ತಡೆಯುವ ಎರಡನೇ ತುಟಿ ಇರುವ ಸೀಲ್ ಸಿಕ್ಕರೆ ಅದೇ ತಗೊಳ್ಳಿ. ಸ್ಪ್ರಿಂಗ್ ಇರುವ ತುಟಿ ಆಯಿಲ್ ಕಡೆಗೆ ಮುಖ ಮಾಡಬೇಕು. ತುಟಿಗೆ ಆಯಿಲ್ ಸವರಿ, ಸೀಲಿನಷ್ಟೇ ಅಗಲದ ಪೈಪ್ ತುಂಡು ಇಟ್ಟು ಸಮವಾಗಿ ಒತ್ತಬೇಕು. ಒಂದು ಬದಿಗೆ ಸುತ್ತಿಗೆ ಏಟು ಬಿದ್ದರೆ ಹೊಸ ಸೀಲೂ ಸೋರುತ್ತದೆ.

ಹಾಕುವ ಮೊದಲು ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಹಳೇ ತುಟಿ ಅಲ್ಲಿ ಕಾಲುವೆ ಕೊರೆದಿದೆ. ಅದೇ ಜಾಗಕ್ಕೆ ಹೊಸ ಸೀಲ್ ಕೂತರೆ ಪ್ರಯೋಜನ ಇಲ್ಲ. ಜಾಗ ಇದ್ದರೆ ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಬೇಕು, ಇಲ್ಲವೇ ಶಾಫ್ಟಿಗೆ ತೆಳು ಸ್ಲೀವ್ ಹಾಕಿಸಬೇಕು. ಗಾಲಿಯ ಸೀಲಾದರೆ ಬೇರಿಂಗ್ ಅಲುಗಾಡುತ್ತದೆಯಾ ನೋಡಿ. ಬೇರಿಂಗ್ ಹೋಗಿದ್ದರೆ ಎಷ್ಟು ಸೀಲ್ ಹಾಕಿದರೂ ಬಾಳುವುದಿಲ್ಲ.

ಗಾಡಿ ಎತ್ತುವಾಗ ಇನ್ನೊಂದು ಮಾತು. ನಮ್ಮಲ್ಲಿ ಫರ್ಸಿ ಎಲ್ಲೆಲ್ಲೂ ಸಿಗುತ್ತದೆ ಅಂತ ಟ್ರ್ಯಾಕ್ಟರ್ ಕೆಳಗೆ ಚಪ್ಪಡಿ ಪೇರಿಸುತ್ತಾರೆ. ಮಾಡಬೇಡಿ. ಕಲ್ಲು ಹೇಳದೆ ಕೇಳದೆ ಸೀಳುತ್ತದೆ. ಜ್ಯಾಕಿನ ಜೊತೆ ದಪ್ಪ ಮರದ ದಿಮ್ಮಿ ಅಥವಾ ಕಬ್ಬಿಣದ ಸ್ಟ್ಯಾಂಡ್ ಇರಲೇಬೇಕು.

ಎಲ್ಲ ಸೋರಿಕೆಯೂ ಒಂದೇ ಅಲ್ಲ

"ಹಂಗಾದ್ರ ಒಂದು ಹನಿನೂ ಬೀಳಬಾರದೇನ್ರಿ?" ಅಂತ ಕೇಳಬಹುದು. ಹಾಗೆ ನಾನು ಹೇಳಲ್ಲ. ಇಪ್ಪತ್ತು ವರ್ಷದ ಗಾಡಿಯ ಸಂದಿಯಲ್ಲಿ ಬೆವರಿನಂತೆ ಒದ್ದೆಯಾಗಿ ದೂಳು ಅಂಟಿದ್ದರೆ, ರಟ್ಟಿನ ಮೇಲೆ ಹನಿ ಬೀಳದಿದ್ದರೆ, ಒರೆಸಿ ಬಿಡಿ, ತಿಂಗಳಿಗೊಮ್ಮೆ ನೋಡಿ. ಹನಿ ಬೀಳುತ್ತಿದ್ದರೆ ಬೇಸಿಗೆಯಲ್ಲಿ ಸರಿ ಮಾಡಿಸಿ, ಅಲ್ಲಿತನಕ ದಿನಾ ಡಿಪ್‌ಸ್ಟಿಕ್ ನೋಡಿ.

ಆದರೆ ನಾಲ್ಕು ಸೋರಿಕೆಗೆ ನಾಳೆ ಅನ್ನೋ ಮಾತೇ ಇಲ್ಲ. ಒಂದು, ಹಿಂದಿನ ಗಾಲಿ ಕಡೆಯಿಂದ ಒಣ ಬ್ರೇಕಿಗೆ ಇಳಿಯುವ ಆಯಿಲ್. ಹಳೇ ಮಾಡೆಲ್ ಬಹಳಷ್ಟಕ್ಕೆ ಒಣ ಬ್ರೇಕೇ ಇರೋದು. ಆಯಿಲ್ ತಾಗಿದ ಬ್ರೇಕ್, ತುಂಬಿದ ಟ್ರಾಲಿ, ಇಳಿಜಾರು — ಮೂರೂ ಸೇರಿದರೆ ಪ್ರಾಣದ ಪ್ರಶ್ನೆ. ಎರಡು, ಸೈಲೆನ್ಸರ್ ಕಡೆಗೆ ಬೀಳುವ ಆಯಿಲ್ ಅಥವಾ ಡೀಸೆಲ್. ರಾಶಿ ಕಣದಲ್ಲಿ ಒಣ ತೊಗರಿ ಹೊಟ್ಟು ಗಾಡಿ ಮೇಲೆಲ್ಲ ಕೂತಿರುತ್ತದೆ, ಒಂದು ಕಿಡಿ ಸಾಕು. ಮೂರು, ಡಿಪ್‌ಸ್ಟಿಕ್ಕಿನಲ್ಲಿ ಏರುವ ಮಟ್ಟ ಅಥವಾ ಹಾಲಿನ ಬಣ್ಣ. ನಾಲ್ಕು, ಇಂಜೆಕ್ಟರ್ ಪೈಪು ಅಥವಾ ಹೈಡ್ರಾಲಿಕ್ ಪೈಪಿನಿಂದ ಮಂಜಿನಂತೆ ಚಿಮ್ಮುವುದು. ಇದನ್ನು ಎಂದೂ ಕೈಯಿಂದ ಮುಟ್ಟಿ ಹುಡುಕಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಕೈಯೇ ಹೋಗಬಹುದು. ರಟ್ಟಿನ ತುಂಡು ಹಿಡಿದು ನೋಡಿ. ಅಕಸ್ಮಾತ್ ಚುಚ್ಚಿದರೆ ನೋವಿಲ್ಲ ಅಂತ ಕೂರಬೇಡಿ, ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗಿ ಏನಾಯಿತು ಅಂತ ಸರಿಯಾಗಿ ಹೇಳಿ.

ಅಡ್ಡದಾರಿ ಬೇಡ

"ದಪ್ಪ ಆಯಿಲ್ ಹಾಕು, ನಿಲ್ತದ" ಅಂತ ಎಂಜಿನ್ನಿಗೆ ಗೇರ್ ಆಯಿಲ್ ಬೆರೆಸುವವರು ಇದ್ದಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ದಪ್ಪ ಆಯಿಲ್ ಬೇರಿಂಗಿಗೆ ತಲುಪಲು ತಡ ಆಗುತ್ತದೆ, ಸವೆತ ಆಗೋದು ಅಲ್ಲೇ. ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿ. ಜಿಡ್ಡಿನ ಮೇಲೆ ಎಂ-ಸೀಲ್ ಮೆತ್ತಿದರೆ ಅದು ಹಿಡಿಯುವುದಿಲ್ಲ, ಮೂಲವನ್ನು ಮುಚ್ಚಿಡುತ್ತದೆ ಅಷ್ಟೇ. ಸಿಲಿಕಾನ್ ಪೇಸ್ಟ್ ಕೆನೆಯಂತೆ ದಪ್ಪ ಬಳಿದರೆ ಹೆಚ್ಚಾದದ್ದು ಒಳಗೆ ಉದುರಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿ ಒಣಗಿದ ರಬ್ಬರನ್ನು ಸ್ವಲ್ಪ ಉಬ್ಬಿಸಬಹುದು. ಹರಿದ ಸೀಲು, ಕೊರೆದ ಶಾಫ್ಟು, ಕಟ್ಟಿದ ಬ್ರೀದರಿಗೆ ಅದರಲ್ಲಿ ಮದ್ದಿಲ್ಲ.

ಬಿಚ್ಚಿದಾಗ ಬಂದ ಹಳೇ ಆಯಿಲ್ ಬದುವಿಗೆ, ಹಳ್ಳಕ್ಕೆ ಚೆಲ್ಲಬೇಡಿ. 2016ರ ಕೇಂದ್ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳ ಇರುವ ಕ್ಯಾನಿನಲ್ಲಿ ಕೂಡಿಟ್ಟು, ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡುವ ಸರ್ವಿಸ್ ಸೆಂಟರಿಗೆ ಒಪ್ಪಿಸಿ. ನಾವು ಕುಡಿಯೋದು ಅದೇ ಭೂಮಿಯ ನೀರು.

ಹಳೇ ಗಾಡಿ ಕೊಳ್ಳುವವರಿಗೆ

ಈಗಷ್ಟೇ ತೊಳೆದು ಮಿರಮಿರ ಮಿಂಚುವ ಎಂಜಿನ್ ನೋಡಿ ಖುಷಿ ಪಡಬೇಡಿ. ಒಂದು ತಾಸು ಓಡಿಸಿ, ರಟ್ಟು ಹಾಸಿ, ಊರಲ್ಲಿ ಒಂದು ಚಹಾ ಕುಡಿದು ಬಂದು ನೋಡಿ. ಡಿಪ್‌ಸ್ಟಿಕ್, ಆಯಿಲ್ ಮುಚ್ಚಳ, ಹಿಂದಿನ ಗಾಲಿಯ ಒಳಬದಿ, ಕ್ಲಚ್ ಹೌಸಿಂಗಿನ ತೂತು — ನಾಲ್ಕು ಫೋಟೋ. ಸೋರುತ್ತಿದ್ದರೆ ಬಿಟ್ಟು ಬರಬೇಕು ಅಂತಿಲ್ಲ. ಟ್ಯಾಪೆಟ್ ಗ್ಯಾಸ್ಕೆಟ್ಟೋ, ಕ್ರ್ಯಾಂಕ್ ಸೀಲೋ ಅಂತ ಗೊತ್ತಾದರೆ ರೇಟು ಮಾತಾಡಲು ನಿಮ್ಮ ಕೈಯಲ್ಲಿ ಲೆಕ್ಕ ಇರುತ್ತದೆ.

ನಿಂತ ಯಂತ್ರಕ್ಕೆ ಏನಾಗುತ್ತದೆ ಅಂತ ಕುರಕುಂಟಾದವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಸಿಸಿಐ ಸಿಮೆಂಟ್ ಕಾರ್ಖಾನೆ ನಿಂತಿದ್ದನ್ನು ಕಂಡ ಊರು ಇದು. ತಿಂಗಳುಗಟ್ಟಲೆ ನಿಂತ ಟ್ರ್ಯಾಕ್ಟರಿನ ಸೀಲೂ ಹಾಗೇ ಒಣಗಿ ಗಟ್ಟಿಯಾಗುತ್ತದೆ. ಅದಕ್ಕೇ ರಾಶಿ ಮುಗಿದ ಮೇಲೆ ಗಾಡಿ ತೊಳೆದು ಇಡಿ, ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ಬಿಸಿಯಾಗುವತನಕ ಹೊಲದಲ್ಲಿ ಓಡಾಡಿಸಿ. ಯುಗಾದಿ ಆದ ಮೇಲೆ ಒಂದು ಅರ್ಧ ದಿನ ಸೋರಿಕೆ ಹುಡುಕಲು ಇಡಿ. ನಮ್ಮ ಬೇಸಿಗೆ ಬಿಸಿಲಿಗೆ ಆಯಿಲ್ ತೆಳುವಾಗಿ, ಅಡಗಿದ ಸೋರಿಕೆಯೂ ಹೊರಗೆ ಬೀಳುತ್ತದೆ. ಆಗ ಮೆಕ್ಯಾನಿಕ್ಕಿಗೂ ಪುರಸೊತ್ತು, ನಮಗೂ ಪುರಸೊತ್ತು.

ಜೂನಿನ ಮೊದಲ ಮಳೆ ಯಾರಿಗೂ ಕಾಯಲ್ಲ. ಆವತ್ತು ನಿಮ್ಮ ಟ್ರ್ಯಾಕ್ಟರ್ ಹೊಲದಲ್ಲಿ ಇರಬೇಕೋ, ಗ್ಯಾರೇಜಿನಲ್ಲಿ ಎರಡು ಹೋಳಾಗಿ ಮಲಗಿರಬೇಕೋ ಅನ್ನೋದು ಏಪ್ರಿಲ್‌ನ ಆ ಅರ್ಧ ದಿನದ ಮೇಲಿದೆ. ಈ ಭಾನುವಾರ ಒಂದು ಬ್ರಷ್, ಎರಡು ಲೀಟರ್ ಡೀಸೆಲ್, ಒಂದು ರಟ್ಟು ರೆಡಿ ಮಾಡಿಕೊಳ್ರಿ. ಬ್ರೀದರ್ ಪೈಪಿನ ಬಾಯಿ ನೋಡೋದು ಮಾತ್ರ ಮರೀಬ್ಯಾಡ್ರಿ.